ಮೇಣದ ತಾಳೆಯ ಗಿಳಿ

ಕೊಲಂಬಿಯಾ ದೇಶದ ಆಂಡೀಸ್ ಪರ್ವತಗಳಲ್ಲಿ ಸದಾ ಮಂಜು ಮುಸುಕಿದ ಅರಣ್ಯಗಳುಂಟು. ಅಲ್ಲಿ ಸುಮಾರು 200 ಅಡಿಯವರೆಗೂ ಬೆಳೆಯುವ ಮೇಣದ ತಾಳೆಯೇ ಹಳದಿಗಿವಿಯ ಗಿಳಿಗೆ ಮನೆ. ನಾವು ಕಾದಂಬರಿಯಲ್ಲಿ ಓದಿದ ವೈಶಂಪಾಯನ ಶುಕವು ಶಾಲ್ಮಲೀವೃಕ್ಷದ ಪೊಟರೆಯಲ್ಲಿ ಹುಟ್ಟಿದಂತೆ, ಇದರ ಮರಿಗಳು ಹೆಚ್ಚಾಗಿ ಒಣಗಿ ನಿಂತ ತಾಳೆಯ ಕಾಂಡದೊಳಗೆ ಕಣ್ದೆರೆಯುತ್ತವೆ. ಆ ಗಿಳಿಗೆ ಕೇಡು ಬಂದುದು ಶಬರನಿಂದ. ಇದಕ್ಕೆ, ವಿಚಿತ್ರವೇ ಸರಿ, ಇಗರ್ಜಿಯ ಉತ್ಸವದಿಂದಲೂ ಬಂದಿತು. ಈಸ್ಟರಿಗೆ ಮುಂಚಿನ ಭಾನುವಾರದ ಮೆರವಣಿಗೆಗೆಂದು ಜನರು ತಾಳೆಯ ಎಳೆಗರಿಗಳನ್ನು ಕಡಿದರು. ಕಾಡು ಸವರಿದ ಹುಲ್ಲುಗಾವಲಿನಲ್ಲಿ ದನಗಳು ಮೊಳಕೆಗಳನ್ನು ಮೇದವು. 1985ರಲ್ಲಿ ಆ ತಾಳೆ ರಾಷ್ಟ್ರವೃಕ್ಷವಾಯಿತು. ಆದರೂ 1999ರಲ್ಲಿ ಹುಡುಕಿದವರಿಗೆ ಕಂಡ ಗಿಳಿಗಳು 81 ಮಾತ್ರ! ಗೂಡುಗಳನ್ನು ಕಾಯ್ದು, ಪಾದ್ರಿಗಳನ್ನು ಒಡಂಬಡಿಸಿ, ಭಕ್ತರ ಕೈಗೆ ಬೇರೆ ಗಿಡದ ಗರಿಗಳನ್ನು ಕೊಡಿಸಿದ ಮೇಲೆ ಅವುಗಳ ಸಂಖ್ಯೆ ಸಾವಿರವನ್ನು ದಾಟಿತು. ತಾಳೆಯಾದರೋ ಬಹು ಮಂದಗತಿಯದು. ಇಂದು ನೆಟ್ಟ ಸಸಿ ಗಿಳಿಗೆ ಮನೆಯಾಗಲು ಹಲವು ದಶಕಗಳು ಬೇಕು, ಅಲ್ಲಿಯವರೆಗೆ ದನಗಳಿಗೆ ಅಡ್ಡವಾಗಿ ಬೇಲಿಯೂ ಬೇಕು.