128ರ ಅಂತರ

ಯುನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ತೆಲುಗಿನ ‘ಆ’ 3078, ಕನ್ನಡದ ‘ಆ’ 3206. ತೆಲುಗಿನ ‘ದ’ 3110, ಕನ್ನಡದ್ದು 3238. ‘ನ’ ಅಲ್ಲಿ 3112, ಇಲ್ಲಿ 3240. ಓಕಾರದ ಚಿಹ್ನೆ ಅಲ್ಲಿ 3147, ಇಲ್ಲಿ 3275. ಗುಡಿಸು ಅಲ್ಲಿ 3135, ಇಲ್ಲಿ 3263. ಕಳೆದು ನೋಡಿ, ಎಲ್ಲ ಕಡೆ ಉಳಿಯುವುದು 128. ತೆಲುಗಿನಲ್ಲಿ ಬರೆದ ‘ಆದೋನಿ’ ಎಂಬ ಊರ ಹೆಸರಿನ ಈ ಐದು ಸಂಖ್ಯೆಗಳಿಗೆ 128 ಕೂಡಿಸಿದರೆ ಕನ್ನಡದ ‘ಆದೋನಿ’ ತೆರೆಯ ಮೇಲೆ ಬಂದು ನಿಲ್ಲುತ್ತದೆ. ಇದಕ್ಕೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದೇ ಸಾಲಿನ ಸ್ಕ್ರಿಪ್ಟ್ ಸಾಕು. ಆ ಸಾಲನ್ನು ಎಷ್ಟು ಸಲ ಓಡಿಸಿದರೂ ನನಗೆ ಬೇಸರ ಬಂದಿಲ್ಲ.

ಈ ಅಚ್ಚುಕಟ್ಟು ತಾನಾಗಿ ಬಂದದ್ದಲ್ಲ. ಬ್ರಾಹ್ಮಿಯಿಂದ ಕವಲೊಡೆದ ನಮ್ಮ ಲಿಪಿಗಳಿಗೆಲ್ಲ ಮೂಲದಲ್ಲಿ ಇರುವುದು ಒಂದೇ ವರ್ಣಮಾಲೆ ಎಂದು ಮನಗಂಡವರು ಎಂಬತ್ತರ ದಶಕದಲ್ಲಿ ‘ಇಸ್ಕಿ’ ಎಂಬ ಸಂಕೇತ ವ್ಯವಸ್ಥೆ ಕಟ್ಟಿದರು. ಅದರಲ್ಲಿ ‘ಕ’ ಎಂಬುದಕ್ಕೆ ಒಂದೇ ಸಂಖ್ಯೆ. ಯಾವ ಲಿಪಿ ಬೇಕೆಂದು ಹೇಳಿದರೆ ಅದೇ ಸಂಖ್ಯೆ ದೇವನಾಗರಿಯಾಗಿಯೋ ತೆಲುಗಾಗಿಯೋ ಕನ್ನಡವಾಗಿಯೋ ಕಾಣಿಸುತ್ತಿತ್ತು. 1991ರಲ್ಲಿ ಯುನಿಕೋಡಿನ ಮೊದಲ ಆವೃತ್ತಿ ಬಂದಾಗ 1988ರ ಇಸ್ಕಿಯ ಜೋಡಣೆಯನ್ನೇ ಆಧಾರವಾಗಿ ಇಟ್ಟುಕೊಂಡು, ಲಿಪಿಗೊಂದರಂತೆ 128 ಮನೆಗಳ ಓಣಿ ಹಾಕಿಕೊಟ್ಟರು. 3072ರಿಂದ 3199ರವರೆಗೆ ತೆಲುಗಿನ ಓಣಿ. ಅದು ಮುಗಿದಲ್ಲೇ, 3200ರಿಂದ ಕನ್ನಡದ್ದು. ಆ ಓಣಿಯ ಇಪ್ಪತ್ತೊಂದನೇ ಮನೆಯಲ್ಲಿ ಯಾರಿದ್ದಾರೋ ಈ ಓಣಿಯ ಇಪ್ಪತ್ತೊಂದನೇ ಮನೆಯಲ್ಲೂ ಅವರೇ.

ನಮ್ಮ ಸೀಮೆಯವರಿಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ. ಆದೋನಿ, ಆಲೂರು ಹಳೆಯ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಇವೆರಡು ಕರ್ನೂಲಿಗೆ, ರಾಯದುರ್ಗ ಅನಂತಪುರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೈಸೂರಿನ ಕಡೆ ಹೋದವು. ಗೆರೆ ಬಿತ್ತೇ ಹೊರತು ಮಾತು ಆ ಗೆರೆಯನ್ನು ಕೇಳಲಿಲ್ಲ. ಕೌತಾಳ, ಕೋಸಿಗಿ, ಹೊಳಗುಂದ, ಹಾಲಹರವಿ ಕಡೆ ಇವತ್ತಿಗೂ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ತೆಲುಗು. ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಒಂದೇ ಮಾತಿನ ಅರ್ಧ ತೆಲುಗಿನಲ್ಲಿ ನಡೆದು ಉಳಿದರ್ಧ ಕನ್ನಡದಲ್ಲಿ ಮುಗಿಯುತ್ತದೆ. ಮಂತ್ರಾಲಯಕ್ಕೆ ಬರುವ ಭಕ್ತರಿಗೆ ದಾರಿ ಹೇಳುವವರು ಎದುರಿಗಿನವರ ಮುಖ ನೋಡಿ ಭಾಷೆ ಬದಲಾಯಿಸುತ್ತಾರೆ. ಕಿವಿಗೆ ಎರಡೂ ಭಾಷೆ ಸಲೀಸು. ಕಣ್ಣಿಗೆ ಮಾತ್ರ, ಯಾವ ಶಾಲೆಗೆ ಹೋದೆವೋ ಆ ಲಿಪಿ.

ನಮ್ಮ ಅವ್ವ ಓದಿದ್ದು ಕನ್ನಡ ಶಾಲೆಯಲ್ಲಿ. ತೆಲುಗು ಮಾತಾಡಿದರೆ ಯಾರಿಗೂ ಗುರುತು ಹತ್ತದು, ಓದಲು ಮಾತ್ರ ಬಾರದು. ಪಿಂಚಣಿಯ ಮೆಸೇಜು, ರೇಷನ್ನಿನ ಮೆಸೇಜು, ನೆಂಟರ ಮದುವೆಯ ಕರೆಯೋಲೆ ಎಲ್ಲ ಫೋನಿಗೆ ತೆಲುಗಿನಲ್ಲೇ ಬರುತ್ತವೆ. ಅವಳಿಗೆ ಅನುವಾದ ಬೇಕಿರಲಿಲ್ಲ, ಅಕ್ಷರ ಬದಲಾದರೆ ಸಾಕಿತ್ತು. ಒಂದು ಕರೆಯೋಲೆಯನ್ನು ಆ ಸಾಲಿಗೆ ಕೊಟ್ಟು, ಬಂದದ್ದನ್ನು ತೋರಿಸಿದೆ. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದುತ್ತಾ ಹೋದಳು. “ಇದು ತೆಲುಗಪ್ಪಾ, ಆದ್ರೂ ನನಗ ಓದಾಕ ಬರ್ತೈತಲ್ಲ!” ಅಂದಳು. ಕಂಪ್ಯೂಟರಿನಿಂದ ನಾನು ಮಾಡಿಸಿದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಬದಲಿಸುವ ವಿದ್ಯೆಯಲ್ಲಿ ಎರಡು ಬಗೆ. ಒಂದು, ಅಕ್ಷರಕ್ಕೆ ಅಕ್ಷರ: ಈ ಸಾಲಿನಲ್ಲಿರುವುದು ಆ ಸಾಲಿಗೆ. ಇನ್ನೊಂದು, ತುಂಡಿಗೆ ತುಂಡು: ಈ ನಮೂನೆ ಎಲ್ಲಿ ಸಿಕ್ಕರೂ ತೆಗೆದು ಅದನ್ನು ಇಡು. ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಾಹನ್ ಎಪ್ಪತ್ತರ ದಶಕದಲ್ಲಿ ಬರೆದ ‘ಸೆಡ್’ ಎಂಬ ಪ್ರೋಗ್ರಾಮಿನಲ್ಲೇ ಎರಡಕ್ಕೂ ಒಂದೊಂದಕ್ಷರದ ಆಜ್ಞೆ ಇತ್ತು, ವೈ ಮತ್ತು ಎಸ್. ಲ್ಯಾರಿ ವಾಲ್ 1987ರಲ್ಲಿ ಪರ್ಲ್ ತಂದಾಗ ಎರಡನ್ನೂ ಉಳಿಸಿಕೊಂಡರು. ಸೆಡ್‌ನಲ್ಲಿ ಅಕ್ಷರಗಳನ್ನೆಲ್ಲ ಒಂದೊಂದಾಗಿ ಬರೆಯಬೇಕು. ಪರ್ಲ್‌ನಲ್ಲಿ ಓಣಿಯ ಮೊದಲ ಮನೆ, ಕೊನೆಯ ಮನೆ ಹೇಳಿದರೆ ಸಾಕು. ಮುಗಿದ ಮೇಲೆ ಎಷ್ಟು ಅಕ್ಷರ ಬದಲಾದವು ಎಂಬ ಲೆಕ್ಕವನ್ನೂ ಒಪ್ಪಿಸುತ್ತದೆ. ದಿನಾಂಕ, ಅಲ್ಪವಿರಾಮ, ಇಂಗ್ಲಿಷ್ ಹೆಸರು ಇವು ಆ ಓಣಿಯವಲ್ಲ, ಹಾಗಾಗಿ ಮುಟ್ಟುವುದಿಲ್ಲ. ಕಣ್ಣಿಗೆ ಕಾಣದೆ ‘ಬಸ್‌ಸ್ಟಾಂಡ್’ ನಡುವೆ ಕೂತಿರುವ ಬಿಡಿಸುವ ಗುರುತೂ ತನ್ನ ಜಾಗದಲ್ಲಿ ಹಾಗೇ ಇರುತ್ತದೆ.

‘ಕರ್ನೂಲು’ ಎಂಬ ಪದವನ್ನು ಬದಲಿಸಿ ನೋಡುವುದು ನನಗೆ ಬಲು ಇಷ್ಟ. ತೆಲುಗಿನಲ್ಲಿ ‘ರ’ ಮೇಲೆ ಪೂರ್ತಿ ನಿಂತು ‘ನ’ ಅದಕ್ಕೆ ವತ್ತಾಗಿ ಕೆಳಗೆ ಬರುತ್ತದೆ. ಕನ್ನಡದಲ್ಲಿ ‘ನೂ’ ಮುಂದೆ ಬಂದು ‘ರ’ ಅರ್ಕಾವತ್ತಾಗಿ ಹಿಂದೆ ಸರಿಯುತ್ತದೆ. ನೋಟಕ್ಕೆ ಜಾಗ ಅದಲುಬದಲು. ಆದರೆ ಫೈಲಿನ ಒಳಗೆ ಎರಡರದ್ದೂ ಒಂದೇ ಸರಣಿ: ಕ, ರ, ವಿರಾಮ, ನ, ಊಕಾರ, ಲ, ಉಕಾರ. ಉಚ್ಚಾರಣೆಯ ಕ್ರಮವೇ ಬರವಣಿಗೆಯ ಕ್ರಮ. ಅರ್ಕಾವತ್ತನ್ನು ಹಿಂದೆ ಕೂರಿಸುವುದು ಫಾಂಟಿನ ಕೆಲಸ. ಹಳೆಯ ತೆಲುಗು ಅಚ್ಚಿನಲ್ಲೂ ಇದೇ ಆಕಾರ ‘ವಲಪಲ ಗಿಲಕ’ ಎಂಬ ಹೆಸರಿನಲ್ಲಿ ಇತ್ತು ಎಂಬುದು ನೆನಪಾದರೆ ಇಬ್ಬರ ನೆಂಟಸ್ತನ ಇನ್ನಷ್ಟು ಹತ್ತಿರವಾಗುತ್ತದೆ.

ಮುಖ್ಯ ಕೆಲಸ ಒಂದು ಸಾಲಿನಲ್ಲಿ ಮುಗಿದರೂ ರುಚಿ ಇರುವುದು ಅದರ ನಂತರದ ತಿದ್ದುಪಡಿಗಳಲ್ಲಿ. ಈಗಿನ ತೆಲುಗು ಬರಹದಲ್ಲಿ ‘ಳ’ಕ್ಕೆ ‘ಲ’ ಒತ್ತು ಕೊಡುವುದು ರೂಢಿ. ಹಾಗೇ ಬದಲಿಸಿದರೆ ‘ಪೆಳ್ಲಿ’, ‘ಇಳ್ಲು’, ‘ಬಳ್ಲಾರಿ’ ಎಂದು ಬರುತ್ತದೆ. ಕನ್ನಡ ಓದಿದ ಕಣ್ಣು ಅಲ್ಲಿ ಎಡವುತ್ತದೆ. ಅದಕ್ಕೆ ಎರಡನೇ ಸಾಲು: ‘ಳ್ಲ’ ಸಿಕ್ಕಲ್ಲೆಲ್ಲ ‘ಳ್ಳ’ ಇಡು. ಹಳೆಯ ಪದ್ಯಗಳಲ್ಲಿ ಬರುವ ಅರಸುನ್ನ ಎಂಬ ಅರ್ಧ ಸೊನ್ನೆಯನ್ನು ಬಿಟ್ಟುಬಿಡು, ಮೂರನೇ ಸಾಲು. ತೆಲುಗಿನವರಿಗೆ ‘ತ್ಸ’, ‘ದ್ಜ’ ಎಂದು ನುಡಿಯುವ ಚ, ಜಗಳಿಗೆ ಬೇರೆ ಅಕ್ಷರಗಳಿವೆ. ಕನ್ನಡದ ಓಣಿಯಲ್ಲಿ ಅವುಗಳ ಎದುರು ಮನೆ ಖಾಲಿ. ಅವು ಸಿಕ್ಕರೆ ನಮ್ಮ ಚ, ಜ. ಹೀಗೆ ಒಂದೊಂದೇ ಸಾಲು ಸೇರಿಸುತ್ತಾ, ಪ್ರತಿ ಸಲವೂ ಅವ್ವನ ಕಣ್ಣು ಎಲ್ಲಿ ತಡೆಯುತ್ತದೆ ಎಂದು ನೋಡುತ್ತಾ ಹೋಗುವುದು ಸಂಜೆಯ ಹೊತ್ತಿನ ಸುಖ.

ಊರ ಹೆಸರುಗಳ ವಿಷಯ ಬೇರೆ. ‘ಮಂತ್ರಾಲಯಂ’, ‘ಕೌತಾಳಂ’ ಎಂಬಲ್ಲಿ ಕೊನೆಯ ಸೊನ್ನೆ ಹೋದರೆ ನಮಗೆ ಸರಿ. ಆದರೆ ‘ಸಮಯಂ’, ‘ಪುಸ್ತಕಂ’ ತೆಲುಗಿನ ಮಾತು, ಅದರ ಸೊನ್ನೆ ತೆಗೆಯುವ ಹಕ್ಕು ನನಗಿಲ್ಲ. ಆದ್ದರಿಂದ ಊರುಗಳ ಪಟ್ಟಿ ಮಾಡಿ, ಆ ಪದ ಪೂರ್ತಿಯಾಗಿ ಸಿಕ್ಕಾಗ ಮಾತ್ರ ಬದಲಿಸಬೇಕು. ಪದ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗುರುತಿಸಲು ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಿದ್ಧ ಚಿಹ್ನೆಯೊಂದಿದೆ. ಅದರ ಲೆಕ್ಕದಲ್ಲಿ ಸ್ವರಚಿಹ್ನೆ, ಅನುಸ್ವಾರ, ವಿರಾಮ ಯಾವುದೂ ಪದದ ಭಾಗವೇ ಅಲ್ಲ! ‘ಮಂತ್ರಾಲಯಂ’ ಅದಕ್ಕೆ ‘ಮ’, ‘ತ’, ‘ರ’, ‘ಲಯ’ ಎಂಬ ನಾಲ್ಕು ಚೂರುಗಳಾಗಿ ಕಾಣುತ್ತದೆ. ಇಂಗ್ಲಿಷನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸಲಕರಣೆಗಳಲ್ಲಿ ನಮ್ಮ ಕಾಗುಣಿತಕ್ಕೆ ಹೀಗೆ ಪೆಟ್ಟು ಬೀಳುವುದು ನನಗೆ ನೋವಿನ ಸಂಗತಿ. ಪರ್ಲ್ ಈ ವಿಷಯದಲ್ಲಿ ನಮ್ಮ ಕಡೆ. ಅದು ಪದವನ್ನು ಇಡಿಯಾಗಿ ಕಾಣುತ್ತದೆ. ಪೈಥಾನಿನಲ್ಲೇ ಮಾಡುವುದಾದರೆ ಅಂಚನ್ನು ನಾವೇ ಹೇಳಿಕೊಡಬೇಕು: ಪದದ ಹಿಂದೆಯೂ ಮುಂದೆಯೂ 3200ರಿಂದ 3327ರೊಳಗಿನ ಯಾವ ಸಂಖ್ಯೆಯೂ ಇರಕೂಡದು ಎಂದು.

ಹೋದ ದಾರಿಯಲ್ಲೇ ವಾಪಸು ಬರಬಹುದೇ? ತಮ್ಮನ ಮಕ್ಕಳು ತೆಲುಗು ಮಾಧ್ಯಮದಲ್ಲಿ ಓದುತ್ತಾರೆ. ಅಜ್ಜಿ ಕನ್ನಡದಲ್ಲಿ ಬರೆದು ಕಳಿಸಿದ್ದನ್ನು ಅವರಿಗೆ ತೆಲುಗು ಅಕ್ಷರದಲ್ಲಿ ಕೊಡಲು 128 ಕಳೆಯಬೇಕು. ಇಲ್ಲೊಂದು ಸೂಕ್ಷ್ಮವಿದೆ. ಕನ್ನಡದ ಓಕಾರವನ್ನು ಯುನಿಕೋಡ್ ಎರಡು ರೀತಿ ಒಪ್ಪುತ್ತದೆ: 3275 ಎಂಬ ಒಂದೇ ಸಂಖ್ಯೆಯಾಗಿ, ಇಲ್ಲವೇ ಎಕಾರ, ಊಕಾರ, ದೀರ್ಘ ಎಂದು 3270, 3266, 3285 ಈ ಮೂರು ತುಂಡಾಗಿ. ತೆರೆಯ ಮೇಲೆ ಎರಡಕ್ಕೂ ಒಂದೇ ರೂಪ. ತೆಲುಗಿನ ಓಕಾರಕ್ಕೆ ಈ ತುಂಡಿನ ರೂಪ ಇಲ್ಲ. ಮೂರು ತುಂಡಿನಿಂದ ಹಾಗೇ 128 ಕಳೆದರೆ ಆ ಕಡೆ ‘ಓ’ ಹುಟ್ಟುವುದೇ ಇಲ್ಲ. ಮೊದಲು ತುಂಡುಗಳನ್ನು ಕೂಡಿಸುವ ಆಜ್ಞೆ ಕೊಟ್ಟು, ಆಮೇಲೆ ಕಳೆಯಬೇಕು. ಕೆಲಸದ ಕ್ರಮ ಇಲ್ಲಿ ಮುಖ್ಯ.

ಕ್ರಮದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ನಮ್ಮ ಡಿಟಿಪಿ ಅಂಗಡಿಗಳ ಹಳೆಯ ಫೈಲುಗಳು. ಕನ್ನಡ ಗಣಕ ಪರಿಷತ್ತಿನ ‘ನುಡಿ’, ಶೇಷಾದ್ರಿವಾಸು ಅವರ ‘ಬರಹ’ ತಂತ್ರಾಂಶಗಳು ಬಂದ ಕಾಲದಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿ ನಡೆಸಬೇಕಾಗಿತ್ತು. ನುಡಿಯ ಹಳೆಯ ಫೈಲಿನಲ್ಲಿ ‘ಕಿ’ ಎಂದರೆ ಬರೀ ದೊಡ್ಡ ಕ್ಯೂ. ‘ಕೋ’ ಎಂದರೆ ನಾಲ್ಕು ತುಂಡು: ಕಕಾರದ ಮೈ, ಎತ್ವ, ಕೊಂಬು, ದೀರ್ಘ. ಮೊದಲೆರಡು ಸೇರಿದರೆ ‘ಕೆ’, ಮೂರು ಸೇರಿದರೆ ‘ಕೊ’, ನಾಲ್ಕೂ ಸೇರಿದರೆ ‘ಕೋ’. ‘ಕೆ’ಯನ್ನು ಮೊದಲು ಬದಲಿಸಿದರೆ ಕೊಂಬು, ದೀರ್ಘ ಅನಾಥವಾಗಿ ಉಳಿಯುತ್ತವೆ. ಉದ್ದದ್ದು ಮೊದಲು, ಗಿಡ್ಡದ್ದು ಕೊನೆಗೆ. ಅರ್ಕಾವತ್ತು ಅಲ್ಲಿ ಕಣ್ಣಿಗೆ ಕಂಡಂತೆ ಹಿಂದೆಯೇ ಇರುತ್ತದೆ. ಅದನ್ನು ಮುಂದೆ ತರಲು ಅದರ ಹಿಂದಿನ ಅಕ್ಷರವನ್ನು ಕಾಗುಣಿತ ಸಮೇತ ಆವರಣದೊಳಗೆ ಹಿಡಿದಿಟ್ಟು, ‘ರ್’ ಇಟ್ಟು, ಹಿಡಿದದ್ದನ್ನು ಬಿಡಬೇಕು. ‘ಕರ್ನಾಟಕ’ ಎಂಬ ಪದ ಹೀಗೆ ಸರಿಯಾಗುವುದನ್ನು ನೋಡುವಾಗ ನನಗೆ ಎದೆ ತುಂಬುತ್ತದೆ.

ಹಿಂದೆ ಮುಂದೆ ನೋಡಿ ಬದಲಿಸುವ ಈ ಕೆಲಸ ಕನ್ನಡಿಗರಿಗೆ ಹೊಸದೇನಲ್ಲ. ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೇವೆ. ಮಳೆ, ಕಾಲ ಸೇರಿ ಮಳೆಗಾಲ. ಬೆಟ್ಟ, ತಾವರೆ ಸೇರಿ ಬೆಟ್ಟದಾವರೆ. ಇದನ್ನು ಪರ್ಲ್‌ನಲ್ಲಿ ಬರೆದರೂ ಒಂದೇ ಸಾಲು. ಹದಿಮೂರನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದ ಸಂಧಿ ಪ್ರಕರಣದಲ್ಲಿ ಮಾಡಿದ್ದು ಇದೇ ಬಗೆಯ ಕೆಲಸ: ಯಾವುದಕ್ಕೆ ಏನು ಬರಬೇಕು, ಯಾವಾಗ ಬರಬೇಕು, ಎಲ್ಲಿ ಬರಕೂಡದು. ಸಂಧಿಯ ಪಾಠ ಮನಸ್ಸಿಟ್ಟು ಕೇಳಿದ ಹುಡುಗ, ನಮೂನೆ ಹೇಳಿ ಹುಡುಕುವ ರೆಗ್ಯುಲರ್ ಎಕ್ಸ್‌ಪ್ರೆಷನ್ನಿಗೆ ಹೆದರುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳಬಲ್ಲೆ.

ಆದೋನಿ ಸುತ್ತಲ ಕನ್ನಡ ಶಾಲೆಗಳಲ್ಲಿ ಕಂಪ್ಯೂಟರ್ ಹೇಳಿಕೊಡುವ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಮೊದಲ ಪಾಠಕ್ಕೆ ಇಂಗ್ಲಿಷಿನ ಉದಾಹರಣೆ ಹುಡುಕಬೇಡಿ. ಮಕ್ಕಳಿಂದ ಅವರವರ ಊರ ಹೆಸರನ್ನು ತೆಲುಗಿನಲ್ಲಿ ಟೈಪ್ ಮಾಡಿಸಿ, 128 ಕೂಡಿಸುವ ಸಾಲನ್ನು ಅವರ ಕೈಯಿಂದಲೇ ಬರೆಯಿಸಿ. ‘ಳ್ಲ’ವನ್ನು ತಿದ್ದುವ ಎರಡನೇ ಸಾಲನ್ನು ಹೇಳಿಕೊಡಬೇಡಿ, ಅವರೇ ಕಂಡುಹಿಡಿಯಲಿ. ಮನೆಯಲ್ಲಿ ಓದಿಸಿಕೊಳ್ಳಲು ಕಾಯುತ್ತಿರುವ ಅಜ್ಜಿಯರು ಬೇಕಾದಷ್ಟು ಜನ ಇದ್ದಾರೆ.