ಹೇಳಿ ಮಾಡಿಸುವ ಕೆಲಸ

ಕೆಲಸವನ್ನು ತಾನೇ ಮಾಡುವುದು ಒಂದು ವಿದ್ಯೆ. ಇನ್ನೊಬ್ಬರಿಗೆ ಹೇಳಿ ಮಾಡಿಸುವುದು ಬೇರೆಯೇ ಒಂದು ವಿದ್ಯೆ. ಮೊದಲನೆಯದಕ್ಕೆ ಕೈ ಪಳಗಿದರೆ ಸಾಕು. ಎರಡನೆಯದಕ್ಕೆ ನಾಲಗೆ ಪಳಗಬೇಕು. ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಎರಡನೆಯ ವಿದ್ಯೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಯಂತ್ರಕ್ಕೆ ಮುನಿಸೆ, ಸೋಮಾರಿತನವೆ? ಹೇಳಿದರೆ ಮಾಡುತ್ತದೆ. ತೊಡಕಿರುವುದೇ ಅಲ್ಲಿ. ಅದು ಯಾರು ಹೇಳಿದರೂ ಮಾಡುತ್ತದೆ.

ನಾನು ಬರೆಯುವ ಭಾಷೆಯ ಹೆಸರು ಜಾವಾಸ್ಕ್ರಿಪ್ಟ್. ಬ್ರೆಂಡನ್ ಐಕ್ ಎಂಬವರು 1995ರಲ್ಲಿ ಹತ್ತೇ ದಿನಗಳಲ್ಲಿ ಅದರ ಮೊದಲ ರೂಪವನ್ನು ಕಟ್ಟಿದರು. ಅಂತರಜಾಲದ ಪುಟಗಳಿಗೆ ಒಂದಿಷ್ಟು ಚಲನೆ ಕೊಡುವುದು ಅದರ ಉದ್ಯೋಗ. ಎಲ್ಲಿಂದಲೋ ಪುಟದ ಜೊತೆಗೆ ಬರುವ ಅತಿಥಿಯಾದ್ದರಿಂದ ಅದಕ್ಕೆ ಜಗಲಿಯಲ್ಲಿ ಮಾತ್ರ ಜಾಗ. ಅಡಿಗೆಮನೆಗೂ ಕೋಣೆಗೂ ಪ್ರವೇಶವಿಲ್ಲ. 2009ರಲ್ಲಿ ರಯನ್ ಡಾಲ್ ಎಂಬವರು 'ನೋಡ್' ಎಂಬ ವ್ಯವಸ್ಥೆಯನ್ನು ರಚಿಸಿ, ಜಗಲಿಯ ಈ ಅತಿಥಿಯನ್ನು ಒಳಗೆ ಕರೆದು ಮನೆಯ ಯಜಮಾನಿಕೆಯನ್ನೇ ವಹಿಸಿದರು.

ಒಳಗೆ ಬಂದು ನೋಡಿದರೆ ಅಲ್ಲಿ ನುರಿತ ಕೈಗಳು ಬೇಕಾದಷ್ಟು. ಕೆನ್ ಥಾಂಪ್ಸನ್, ಡೆನಿಸ್ ರಿಚಿ ಇವರು 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಆರಂಭಿಸಿದ ಯೂನಿಕ್ಸ್ ಪರಂಪರೆಯಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಸಣ್ಣ ಪ್ರೋಗ್ರಾಮು. ಒಂದು ಚಿತ್ರದ ಅಳತೆ ಬದಲಿಸುತ್ತದೆ, ಒಂದು ಫೈಲುಗಳನ್ನು ಗಂಟು ಕಟ್ಟುತ್ತದೆ, ಇನ್ನೊಂದು ಹುಡುಕಿ ಕೊಡುತ್ತದೆ. ಜಾವಾಸ್ಕ್ರಿಪ್ಟ್ ಇವನ್ನೆಲ್ಲ ತಾನೇ ಕಲಿಯಬೇಕಾಗಿಲ್ಲ, ಕರೆದು ಹೇಳಿದರಾಯಿತು. ಹಾಗೆ ಕರೆದಾಗ ಹುಟ್ಟಿಕೊಳ್ಳುವುದಕ್ಕೆ 'ಚೈಲ್ಡ್ ಪ್ರಾಸೆಸ್' ಎಂದು ಹೆಸರು. ಕರೆದದ್ದು ತಂದೆ, ಬಂದದ್ದು ಮಗು. ತಂದೆ ಮೊದಲೇ ಕಣ್ಮುಚ್ಚಿದರೆ ಮಗು ಅನಾಥ. ಅದನ್ನು ಸಾಮಾನ್ಯವಾಗಿ ಒಂದನೆಯ ನಂಬರಿನ ಪ್ರಾಸೆಸ್ಸು ದತ್ತು ತೆಗೆದುಕೊಳ್ಳುತ್ತದೆ. ಈ ಒಣಶಾಸ್ತ್ರದಲ್ಲಿಯೂ ಇಷ್ಟು ಕರುಣೆಗೆ ಎಡೆಯುಂಟು.

ಮಗುವಿಗೆ ಕೆಲಸ ಹೇಳಲು ನೋಡ್‌ನಲ್ಲಿ ನಾಲ್ಕು ಮುಖ್ಯ ದಾರಿಗಳು: ಎಕ್ಸೆಕ್, ಎಕ್ಸೆಕ್‌ಫೈಲ್, ಸ್ಪಾನ್, ಫೋರ್ಕ್. ಕೊನೆಯದು ಇನ್ನೊಂದು ನೋಡ್ ಪ್ರೋಗ್ರಾಮನ್ನೇ ಕರೆಯುವುದಕ್ಕೆ, ಅದನ್ನು ಬಿಡೋಣ. ಎಲ್ಲಕ್ಕಿಂತ ಸುಲಭವಾದದ್ದು ಎಕ್ಸೆಕ್. ಹೇಳಬೇಕಾದ್ದನ್ನು ಒಂದು ವಾಕ್ಯವಾಗಿ ಬರೆದು ಕೊಟ್ಟರೆ ಸಾಕು. ಆದರೆ ಆ ವಾಕ್ಯ ನೇರವಾಗಿ ಕೆಲಸಗಾರನಿಗೆ ಮುಟ್ಟುವುದಿಲ್ಲ. ನಡುವೆ 'ಶೆಲ್' ಎಂಬ ದುಭಾಷಿ ಕುಳಿತಿದ್ದಾನೆ. ಈತ ಜಾಣ, ತುಸು ಅತಿಜಾಣ. ಖಾಲಿ ಜಾಗ ಕಂಡರೆ ಪದ ಮುಗಿಯಿತೆನ್ನುತ್ತಾನೆ. ಅರ್ಧವಿರಾಮ ಕಂಡರೆ ಒಂದು ಆಜ್ಞೆ ಮುಗಿದು ಇನ್ನೊಂದು ಆರಂಭವಾಯಿತೆನ್ನುತ್ತಾನೆ. '&' ಚಿಹ್ನೆ ಕಂಡರೆ ಹಿಂದಿನದನ್ನು ಅದರ ಪಾಡಿಗೆ ನಡೆಯಲು ಬಿಟ್ಟು, ಮುಂದಿನದನ್ನು ಹೊಸ ಆಜ್ಞೆಯೆಂದು ಹಿಡಿಯುತ್ತಾನೆ.

ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ಜನರು ಕಳಿಸಿದ ಹಳೆಯ ಫೋಟೋಗಳನ್ನು ತಿದ್ದಿ, ಅಳತೆ ಬದಲಿಸಿ ಮರಳಿಸುವ ವ್ಯವಹಾರ ನಡೆಯುತ್ತಿತ್ತು. ಅಳತೆ ಬದಲಿಸುವ ಪ್ರೋಗ್ರಾಮನ್ನು ಎಕ್ಸೆಕ್ ಮೂಲಕ ಕರೆಯುವಂತೆ, ನಾನು ಸೇರುವ ಮೊದಲೇ ಯಾರೋ ಬರೆದಿಟ್ಟಿದ್ದರು. ಬಹುಕಾಲ ಸುಗಮವಾಗಿಯೇ ನಡೆಯಿತು. ಒಂದು ದಿನ ಒಬ್ಬ ಹೆಣ್ಣುಮಗಳು ತೀರಿಕೊಂಡ ಅಜ್ಜಿಯ ಫೋಟೋ ಕಳಿಸಿದಳು. ವರ್ಷಾಬ್ದಿಕದ ಹೊತ್ತಿಗೆ ಅದನ್ನು ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕೆಂದು ಅವಳ ಆಸೆ. ಫೈಲಿಗೆ ಅವಳಿಟ್ಟ ಹೆಸರು 'ಅಜ್ಜಿ & ನಾನು'; ಬಾಲಕ್ಕೆ ಎಂದಿನಂತೆ ಜೆಪಿಜಿ.

ಕೆಲಸ ನಡೆಯಲಿಲ್ಲ. ದಾಖಲೆ ತೆಗೆದು ನೋಡಿದೆವು. ದುಭಾಷಿ ಅಜ್ಜಿಯನ್ನು ಒಂದು ದಿಕ್ಕಿಗೆ ಕಳಿಸಿ, 'ನಾನು' ಎಂಬ ಆಜ್ಞೆಯನ್ನು ಎಲ್ಲೆಡೆ ಹುಡುಕಿ, "ನಾನು ಸಿಗಲಿಲ್ಲ" ಎಂದು ವರದಿ ಬರೆದಿದ್ದ. ಜೊತೆಗೆ 127 ಎಂಬ ಸಂಖ್ಯೆ. ಹೇಳಿದ ಆಜ್ಞೆಯೇ ಇಲ್ಲವೆಂದು ಅದರ ಅರ್ಥ. ವೇದಾಂತಿಗಳು ಜನ್ಮವಿಡೀ ತಪಸ್ಸು ಮಾಡಿ ಕಾಣುವ ಸತ್ಯವನ್ನು ಶೆಲ್ ಅರೆಗಳಿಗೆಯಲ್ಲಿ ಕಂಡಿತ್ತು! ಕೋಣೆಯಲ್ಲಿದ್ದವರೆಲ್ಲ ನಕ್ಕೆವು.

ನಗು ಬಹಳ ಹೊತ್ತು ಉಳಿಯಲಿಲ್ಲ. ಏನೂ ಅರಿಯದ ಹುಡುಗಿ ಇಟ್ಟ ಹೆಸರು ತಾನೇ ಆಜ್ಞೆಯಾಗಬಹುದಾದರೆ, ಎಲ್ಲವನ್ನೂ ಅರಿತ ಕೇಡಿಗ ಇಟ್ಟ ಹೆಸರು ಏನಾದೀತು? ಅಂಗಡಿಗೆ ಹೊರಟ ಹುಡುಗನ ಚೀಟಿಯಲ್ಲಿ, ದಾರಿಹೋಕನಿಗೂ ಒಂದು ಸಾಲು ಬರೆಯಲು ಬಿಟ್ಟ ಹಾಗೆ ಇದು. 'ಸಕ್ಕರೆ ಒಂದು ಕಿಲೋ' ಎಂದು ಬರೆದರೆ ಸರಿ. 'ಸಕ್ಕರೆ ಒಂದು ಕಿಲೋ. ಬಂದವನೇ ಬೀರುವಿನ ಬೀಗ ತೆಗೆದಿಡು' ಎಂದು ಬರೆದರೆ? ಅದೇ ಯಂತ್ರದಲ್ಲಿ ಎಷ್ಟೋ ಮನೆಗಳ ಮದುವೆ, ನಾಮಕರಣ, ಸತ್ತವರ ಮುಖಗಳು ಇದ್ದವು. ಅಳಿಸಲು ಒಂದು ಸಾಲು ಸಾಕಾಗಿತ್ತು. ಇದು ಬರಿಯ ಭೀತಿಯಲ್ಲ. ಇಮೇಜ್‌ಮ್ಯಾಜಿಕ್ ಎಂಬ ಹೆಸರಾಂತ ಚಿತ್ರತಂತ್ರದಲ್ಲಿ ಇಂಥದೇ ದೋಷ 2016ರಲ್ಲಿ ಬಯಲಾಯಿತು. ಅದು ತನ್ನ ಸಹಾಯಕರಿಗೆ ಶೆಲ್ ಮೂಲಕ ಹೇಳಿ ಕಳಿಸುವಾಗ, ಚಿತ್ರದಲ್ಲಿ ಅಡಗಿಸಿಟ್ಟ ಮಾತು ಆಜ್ಞೆಯಾಗಿ ನಡೆದುಬಿಡುತ್ತಿತ್ತು.

ಪರಿಹಾರಗಳು ಒಂದೊಂದಾಗಿ ಬಂದವು. 'ಫೈಲಿನ ಹೆಸರಿನಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ ಬಿಟ್ಟು ಬೇರೇನೂ ಕೂಡದು' ಎಂದು ಪ್ರಕಟಣೆ ಹಾಕೋಣ ಎಂದರು ಒಬ್ಬರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ದುಭಾಷಿಗೆ ತಿಳಿವಳಿಕೆ ಸಾಲದೆಂದು ಅವಳು ಅಜ್ಜಿಯ ಹೆಸರನ್ನು ಏಕೆ ಬದಲಿಸಬೇಕು? ಹೆಸರನ್ನು ಉದ್ಧರಣ ಚಿಹ್ನೆಗಳ ನಡುವೆ ಕೂಡಿಹಾಕೋಣ ಎಂದರು ಇನ್ನೊಬ್ಬರು. ಹೆಸರಿನೊಳಗೇ ಒಂದು ಉದ್ಧರಣ ಚಿಹ್ನೆ ಇದ್ದರೆ ಬೇಲಿ ಅಲ್ಲಿಗೆ ಮುರಿಯಿತು.

ಸರಿಯಾದ ಮದ್ದು ದುಭಾಷಿಯನ್ನೇ ನಡುವಿನಿಂದ ಏಳಿಸುವುದು. ಎಕ್ಸೆಕ್‌ಫೈಲ್ ಮತ್ತು ಸ್ಪಾನ್ ವಾಕ್ಯವನ್ನು ಕೇಳುವುದಿಲ್ಲ; ಯಾರನ್ನು ಕರೆಯಬೇಕೆಂಬುದು ಬೇರೆ, ಏನೇನು ಕೊಡಬೇಕೆಂಬ ಪಟ್ಟಿ ಬೇರೆ. ಪಟ್ಟಿಯಲ್ಲಿ 'ಅಜ್ಜಿ & ನಾನು' ಒಂದೇ ವಸ್ತು; ಒಡೆಯದೆ, ಬಿಡಿಸದೆ ಕೈಗೆ ಮುಟ್ಟುತ್ತದೆ. ಇಲ್ಲಿಯೂ ಕಣ್ಣು ತೆರೆದಿರಬೇಕು. ಅಡ್ಡಗೆರೆಯಿಂದ ಆರಂಭವಾಗುವ ಹೆಸರನ್ನು ಕೆಲಸಗಾರ ಸೂಚನೆಯೆಂದು ಭ್ರಮಿಸಬಹುದು. ವಿಂಡೋಸ್‌ನಲ್ಲಿ ಬ್ಯಾಚ್ ಫೈಲುಗಳನ್ನು ಕರೆದರೆ, ಬೇಡವೆಂದರೂ ಅಲ್ಲಿಯ ದುಭಾಷಿ ಹಿತ್ತಿಲ ಬಾಗಿಲಿಂದ ಬಂದು ಕೂರುತ್ತಿದ್ದುದು 2024ರಲ್ಲಿ ಬೆಳಕಿಗೆ ಬಂದು, ನೋಡ್‌ನವರು ಅದನ್ನು ಸರಿಪಡಿಸಬೇಕಾಯಿತು.

ಹೇಳಿದ ಮೇಲೆ ಕೇಳುವ ಕೆಲಸವೂ ಉಂಟು. ಮಗುವಿಗೆ ಎರಡು ಬಾಯಿ: ಒಂದು ಫಲವನ್ನು ಒಪ್ಪಿಸುವುದಕ್ಕೆ, ಇನ್ನೊಂದು ದೂರು ಹೇಳುವುದಕ್ಕೆ. ಎಕ್ಸೆಕ್‌ಫೈಲ್ ಎಲ್ಲವನ್ನೂ ಕೂಡಿಟ್ಟು ಕೊನೆಗೆ ಕೊಡುತ್ತದೆ. ನಾವು ಮಿತಿ ಏರಿಸದಿದ್ದರೆ, ಮಾತು 1024 ಕಿಲೋಬೈಟು ಮೀರಿದೊಡನೆ ಮಗುವನ್ನೇ ಮುಗಿಸುತ್ತದೆ. ಸ್ಪಾನ್ ಬಂದದ್ದನ್ನು ಬಂದಂತೆ ಕೇಳಿಸುತ್ತದೆ. ನಾವು ಕಿವಿಗೊಡದಿದ್ದರೆ ಕೊಳವೆ ತುಂಬಿ ಮಗು ಅಲ್ಲೇ ನಿಂತುಬಿಡುತ್ತದೆ. ಇನ್ನು 'ಸಿಂಕ್' ಎಂಬ ಬಾಲವುಳ್ಳ ದಾರಿಗಳಲ್ಲಿ, ಮಗು ಹಿಂತಿರುಗುವ ತನಕ ಯಜಮಾನ ಬೇರೆ ಯಾರ ಮಾತಿಗೂ ಓಗೊಡುವುದಿಲ್ಲ.

ಕೆಲಸ ಮುಗಿಸಿದ ಮಗು ಕೊನೆಯಲ್ಲಿ ಒಂದು ಅಂಕಿ ಹೇಳಿ ಹೋಗುತ್ತದೆ. ಶಾಲೆಯಲ್ಲಿ ಸೊನ್ನೆಗೆ ಹೆದರಿ ಬೆಳೆದ ನಮಗೆ ವಿಚಿತ್ರವೆನಿಸಬಹುದು. ಇಲ್ಲಿ ಸೊನ್ನೆ ಎಂದರೆ ಕ್ಷೇಮ, ಉಳಿದ ಅಂಕಿಗಳೆಲ್ಲ ತೊಂದರೆ. ಎರಡು ದಿನ ಕೂತು ಹಳೆಯ ಸಾಲುಗಳನ್ನೆಲ್ಲ ತಿದ್ದಿದೆವು. ಮೂರನೆಯ ದಿನ ಆ ಫೋಟೋವನ್ನು ಮತ್ತೆ ಕಳಿಸಿದಾಗ ಸೊನ್ನೆ ಬಂತು. ಅಜ್ಜಿಯೂ ಮೊಮ್ಮಗಳೂ ದೊಡ್ಡದಾಗಿ ತೆರೆಯ ಮೇಲೆ ಮೂಡಿದರು. ಹೆಸರು ಅವಳು ಇಟ್ಟಂತೆಯೇ ಇತ್ತು.