ಎಗ್‌ನಾಗ್‌ಗಾಗಿ ಎದ್ದ ದಂಗೆ

ಹಡ್ಸನ್ ನದಿ ದಂಡೆಯ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿಗೆ ಡಿಸೆಂಬರ್ ಚಳೀಲೇ ಹೋಗಿದ್ದೆ. ಕಾರಣ, ಎಗ್‌ನಾಗ್! ಇಂಗ್ಲೆಂಡಿನ ಪಾಸೆಟ್ ಅನ್ನೋ ಬಿಸಿ ಹಾಲಿನ ಪಾನೀಯ ಇದರ ಪೂರ್ವಜ ಅಂತಾರೆ. ಅಮೆರಿಕದಲ್ಲಿ ಕೆರಿಬಿಯನ್ ರಮ್ ಸೇರಿತು. ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ಚೆನ್ನಾಗಿ ಕಡೆದು, ಹಾಲು, ಕೆನೆ, ರಮ್ ಬೆರೆಸಬೇಕು. ಬಿಳಿಯನ್ನ ಬೇರೆಯೇ ನೊರೆ ಬರಿಸಿ ಸೇರಿಸಿ, ಮೇಲೆ ಜಾಯಿಕಾಯಿ ತುರಿಯಬೇಕು (ನಮ್ಮ ಪಾಯಸಕ್ಕೆ ಹಾಕ್ತೀವಲ್ಲ, ಅದೇ).

1826ರಲ್ಲಿ ಇಲ್ಲಿನ ಮುಖ್ಯಸ್ಥ ಥೇಯರ್ ಮದ್ಯ ನಿಷೇಧಿಸಿದ್ದರು. ಕ್ರಿಸ್‌ಮಸ್ ಎಗ್‌ನಾಗ್‌ಗೆಂದು ಕೆಡೆಟ್‌ಗಳು ಕದ್ದುಮುಚ್ಚಿ ನದಿ ದಾಟಿ ವಿಸ್ಕಿ ತಂದರು. ಬೆಳಗಾಗೋದರೊಳಗೆ ಬ್ಯಾರಕ್‌ನ ಕಿಟಕಿ, ಕಟಾಂಜನ ಎಲ್ಲ ಪುಡಿಪುಡಿ! 19 ಹುಡುಗರಿಗೆ ಕೋರ್ಟ್ ಮಾರ್ಷಲ್; ಹಲವರ ಓದು ಅಲ್ಲಿಗೇ ನಿಂತಿತು. ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದವರ ಅಧ್ಯಕ್ಷನಾದ ಜೆಫರ್ಸನ್ ಡೇವಿಸ್ ಕೂಡ ಆ ಪಾರ್ಟಿಯಲ್ಲಿದ್ದ. ಗಲಾಟೆಗೆ ಮೊದಲೇ ರೂಮಿಗೆ ಅಟ್ಟಿದ್ದರಿಂದ ಬಚಾವಾದ. ಆ ಬ್ಯಾರಕ್ ಈಗಿಲ್ಲ.